ಸಂಚಿಯೊಳಗಿನ ಫ್ಯೂಸ್

ನಮ್ಮ ಇಂಚರಳಿಗೆ ಭಾಷಣದಲ್ಲಿ ಫಸ್ಟ್ ಪ್ರೈಜ್ ಬಂತು! ಇವತ್ತು ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ, ಇಡೀ ಸ್ಕೂಲಿನ ಎದುರು, ಮೈಕಿನಲ್ಲಿ ಹೆಸರು ಕರೆದು ಕೊಟ್ಟರು. ಒಂದು ಕಪ್ಪು, ಒಂದು ಸರ್ಟಿಫಿಕೇಟು, ಜೊತೆಗೆ ಒಂದು ನೇರಳೆ ಗಿಡ. ಎಂಟನೇ ಕ್ಲಾಸಿನ ನನ್ನ ಮೊಮ್ಮಗಳು ಹತ್ತನೇ ಕ್ಲಾಸಿನವರನ್ನೆಲ್ಲ ಹಿಂದೆ ಹಾಕಿದ್ದಾಳೆ ಎಂದರೆ ಸುಮ್ಮನೆ ಮಾತಲ್ಲ. ಸ್ಕೂಲಿನಿಂದ ಬಂದವಳೇ ನಾನು ಪಕ್ಕದ ಮನೆಗೆ ಹೇಳಿದೆ, ಎದುರು ಮನೆಗೆ ಹೇಳಿದೆ, ಹಾಲಿನ ಡೈರಿಯಲ್ಲಿ ಕ್ಯಾನು ಹಿಡಿದು ನಿಂತವರಿಗೆಲ್ಲ ಹೇಳಿದೆ. ಬಸ್ ಸ್ಟಾಪಿನಲ್ಲಿ ಸಿದ್ದಾಪುರದ ಕಡೆಗೆ ಹೊರಟು ನಿಂತಿದ್ದ ಒಬ್ಬ ಗಂಡಸಿಗೂ ಹೇಳಿದೆ. ಆತ ಪೂರ್ತಿ ಕೇಳಿಸಿಕೊಂಡು, “ಸಂತೋಷ ಅಜ್ಜಿ. ಇಂಚರ ಅಂದ್ರೆ ಯಾರು?” ಎಂದ. ಅದನ್ನೂ ಮೊದಲಿನಿಂದ ಹೇಳುವಷ್ಟರಲ್ಲಿ ಅವನ ಬಸ್ಸು ಬಂದುಬಿಟ್ಟಿತು.

ಭಾಷಣ ಯಾವುದರ ಮೇಲೆ ಎಂದು ಕೇಳಿದರೆ ನಿಮಗೆ ನಗು ಬರಬಹುದು. ಕತ್ತಲೆಯ ಮೇಲೆ. ಭೂಮಿ ಬಿಸಿಯಾಗುತ್ತಿದೆಯಂತೆ. ಅದಕ್ಕೆ ಲೋಕದ ಎಲ್ಲಾ ಕಡೆ ವರ್ಷಕ್ಕೊಂದು ದಿನ, ಒಂದೇ ಒಂದು ಗಂಟೆ, ಎಲ್ಲರೂ ಮನೆಯ ಲೈಟು ಆರಿಸಿ ಕೂರುತ್ತಾರಂತೆ. ಅಷ್ಟರಿಂದ ಭೂಮಿ ತಣ್ಣಗಾಗುವುದಿಲ್ಲ, ಆದರೆ ನಮಗೆ ಭೂಮಿಯ ಚಿಂತೆ ಇದೆ ಎಂದು ತೋರಿಸಿದ ಹಾಗೆ ಆಗುತ್ತದಂತೆ. ಇದನ್ನೆಲ್ಲ ಮಕ್ಕಳಿಗೆ ಹೇಳಿಕೊಟ್ಟವರು ಅವರ ಮುತ್ತಮ್ಮ ಟೀಚರು. ಇಂಚರ ಬಂದು ನನಗೆ ಹೇಳಿದಳು. ಬಿಸಿಯಾಗಿರುವುದೇನೋ ನನಗೂ ಗೊತ್ತು. ನಾನು ಮದುವೆಯಾಗಿ ಅರಕಲಗೂಡು ಕಡೆಯಿಂದ ಇಲ್ಲಿಗೆ ಬಂದ ಕಾಲದಲ್ಲಿ ಮಾರ್ಚಿನಲ್ಲೂ ಹೊದ್ದು ಮಲಗುತ್ತಿದ್ದೆವು. ಈಗ ಫ್ಯಾನಿನ ಕೆಳಗೆ ಯಾರು ಮಲಗಬೇಕು ಎಂದು ಜಗಳ. ಮಳೆ ಬರಬೇಕಾದಾಗ ಬರುವುದಿಲ್ಲ, ಬಂದರೆ ಶುಂಠಿ ಮಡಿಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ಎಲ್ಲಾ ಸರಿ, ಆದರೆ ಒಂದು ಗಂಟೆ ಎಂದಿದ್ದು ಕೇಳಿ ನಾನು ಬಿದ್ದು ಬಿದ್ದು ನಕ್ಕೆ. “ಒಂದು ಗಂಟೆಗೆ ಇಷ್ಟೊಂದು ಸಡಗರವಾ? ನಾನು ದಿನಕ್ಕೆ ಒಂಬತ್ತು ಗಂಟೆ ಆರಿಸ್ತಿದ್ದೆ ಕಣೆ, ಅದೂ ವರ್ಷಾನುಗಟ್ಲೆ!” ಎಂದೆ. ಹುಡುಗಿ ಕಣ್ಣರಳಿಸಿ, ಪೆನ್ನು ತಗೊಂಡು ಕೂತಳು. ಎಲ್ಲಾ ಶುರುವಾದದ್ದು ಅಲ್ಲಿಂದ.

ಅದು ಹೇಗೆ ಎಂದು ಹೇಳುತ್ತೇನೆ. ನಮ್ಮ ಮನೆಗೆ ಕರೆಂಟು ಬಂದಾಗ ನಾನು ಸ್ವಿಚ್ಚಿಗೆ ಅರಿಶಿನ ಕುಂಕುಮ ಹಚ್ಚಿದವಳು. ಲೈನ್‌ಮನ್ನು “ಅಮ್ಮಾ, ಒದ್ದೆ ಕೈಯಲ್ಲಿ ಮುಟ್ಬೇಡಿ” ಎಂದು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಮಾರನೇ ವರ್ಷವೇ, ಮುಂಗಾರಿಗೆ ಮುಂಚೆ ಒಂದು ಸಂಜೆ ಸಿಡಿಲು ಬಡಿದು ಪಕ್ಕದ ಮನೆಯ ಮೀಟರ್ ಬೋರ್ಡು ಸುಟ್ಟು ಗೋಡೆಯೇ ಬಿರಿಯಿತು. ಸಿಡಿಲು ಬರುವ ಹಾಗಿದ್ದರೆ ಫ್ಯೂಸ್ ಕಿತ್ತಿಡಿ ಎಂದು ಲೈನ್‌ಮನ್ನು ಹೇಳಿಕೊಟ್ಟ. ಮೇನ್ ಬೋರ್ಡಿನಲ್ಲಿ ಅಂಗೈ ಅಗಲದ ಬಿಳೀ ಪಿಂಗಾಣಿ ಫ್ಯೂಸ್. ಎಳೆದರೆ ಇಡೀ ಮನೆ ಕತ್ತಲೆ, ಸಿಕ್ಕಿಸಿದರೆ ಬೆಳಕು. ಇಷ್ಟು ದೊಡ್ಡ ಅಧಿಕಾರ ನನ್ನ ಕೈಗೆ ಅದಕ್ಕೆ ಮುಂಚೆ ಯಾವತ್ತೂ ಬಂದಿರಲಿಲ್ಲ. ಮಳೆಗಾಲದಲ್ಲಿ ಗುಡುಗು ಯಾವಾಗ ಬರುತ್ತದೋ ಎಂದು ರಾತ್ರಿ ಊಟವಾಗಿ ಪಾತ್ರೆ ತೊಳೆದ ಕೂಡಲೇ, ಒಂಬತ್ತಕ್ಕೆ ಸರಿಯಾಗಿ ಫ್ಯೂಸ್ ಕಿತ್ತು ನನ್ನ ಎಲೆಅಡಿಕೆ ಸಂಚಿಯೊಳಗೆ ಹಾಕಿಕೊಂಡು ಮಲಗುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಹಾಲು ಕರೆಯುವ ಹೊತ್ತಿಗೆ ಮತ್ತೆ ಸಿಕ್ಕಿಸುವುದು. ಮಳೆಗಾಲ ಮುಗಿಯಿತು. ಅಭ್ಯಾಸ ಮುಗಿಯಲಿಲ್ಲ. ಬೇಸಿಗೆಯಲ್ಲಿ, ಒಂದು ತುಂಡು ಮೋಡವಿಲ್ಲದ ರಾತ್ರಿಯಲ್ಲೂ ಫ್ಯೂಸ್ ನನ್ನ ತಲೆದಿಂಬಿನ ಕೆಳಗೇ.

ಹಗಲಿನಲ್ಲೂ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಎಲ್ಲಿ ಲೈಟು ಕಂಡರೂ ಟಪ್ಪೆಂದು ಆರಿಸುವುದು. ಒಳಗೆ ಯಾರಾದರೂ ಇದ್ದಾರಾ ಎಂದು ನೋಡುವ ತಾಳ್ಮೆ ನನಗೆ ಕಡಿಮೆ. ನನ್ನ ಸ್ವಂತ ತಮ್ಮ ಊರಿಂದ ಬಂದವನು ಬಚ್ಚಲಲ್ಲಿ ಮುಖಕ್ಕೆಲ್ಲ ಸೋಪು ಹಚ್ಚಿಕೊಂಡಿದ್ದಾಗ ಆರಿಸಿಬಿಟ್ಟೆ. ಆತ ಚೆಂಬು ಎಂದುಕೊಂಡು ಹಂಡೆಯ ಒಲೆಯ ಬೂದಿಗೆ ಕೈ ಹಾಕಿದ. ಮಗ ಲೋಕೇಶ ಅರ್ಧ ಮೀಸೆಯಲ್ಲಿ ಹೊರಗೆ ಬಂದು ಕೂಗಾಡಿದ್ದುಂಟು. ಯಾರು ಏನೇ ಅಂದರೂ ನನ್ನ ಹತ್ತಿರ ಒಂದು ಸಿದ್ಧ ಉತ್ತರವಿತ್ತು. “ಹಗಲೆಲ್ಲ ಸೂರ್ಯ ಬಿಟ್ಟಿ ಉರೀತಾನಲ್ಲ, ಆಗ ಮಾಡ್ಕೊಳ್ಳಿ ನಿಮ್ಮ ಕೆಲಸ!” ಈ ಮಾತು ನನಗೇ ಎಷ್ಟು ಇಷ್ಟವಾಗಿತ್ತೆಂದರೆ ಮದುವೆ ಮನೆಗಳಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಎಲ್ಲಿ ಅವಕಾಶ ಸಿಕ್ಕರೂ ಹೇಳಿ ನಗಿಸುತ್ತಿದ್ದೆ. ಮೊದಲ ಸಲ ಯಾರಿಗೆ ಹೇಳಿದ್ದು ಎಂಬುದು ಮಾತ್ರ ಮರೆತುಹೋಗಿತ್ತು.

ನನ್ನ ಆಳ್ವಿಕೆ ಮುಗಿಸಿದ್ದು ಫ್ರಿಜ್ಜು. ಮಗ ಫ್ರಿಜ್ಜು ತಂದ ಮೊದಲ ರಾತ್ರಿಯೇ ನಾನು ಎಂದಿನಂತೆ ಫ್ಯೂಸ್ ಕಿತ್ತೆ. ಬೆಳಿಗ್ಗೆ ನೋಡಿದರೆ ಮನೆಯೆಲ್ಲ ನೀರು, ಹಾಲು ಒಡೆದಿತ್ತು. ಆಮೇಲೆ ಮನೆ ರಿಪೇರಿಯಾಗಿ, ಹಳೇ ಬೋರ್ಡು ಹೋಗಿ, ಗೋಡೆಗೆ ಸಣ್ಣ ಸಣ್ಣ ಗುಂಡಿಗಳ ಹೊಸ ಪೆಟ್ಟಿಗೆ ಬಂತು. ಹಳೇ ಫ್ಯೂಸ್ ಮಾತ್ರ ನನ್ನ ಸಂಚಿಯಲ್ಲೇ ಉಳಿಯಿತು. ಈಗ ಹಲ್ಲಿಲ್ಲದ್ದರಿಂದ ಅದರಲ್ಲೇ ಅಡಿಕೆ ಜಜ್ಜಿಕೊಳ್ಳುತ್ತೇನೆ.

ಇಷ್ಟನ್ನೂ ಇಂಚರ ಬರೆದುಕೊಂಡಳು. ಮುತ್ತಮ್ಮ ಟೀಚರು ಓದಿ, ಅಜ್ಜಿಯನ್ನೂ ಕರೆದುಕೊಂಡು ಬಾ, ಫ್ಯೂಸೂ ತರಲಿ ಎಂದು ಹೇಳಿ ಕಳಿಸಿದರು. ಇವತ್ತು ಬೆಳಿಗ್ಗೆ ನಾನು ಮೊಮ್ಮಗಳ ನಾಮಕರಣಕ್ಕೆ ತೆಗೆಸಿದ ರೇಷ್ಮೆ ಸೀರೆ ಉಟ್ಟೆ. ಸೊಸೆ ಶೋಭಾ ನೆರಿಗೆ ಹಿಡಿದು ಸರಿ ಮಾಡಿಕೊಟ್ಟಳು. “ಅತ್ತೆ, ಸ್ಟೇಜಲ್ಲಿ ಅಡಿಕೆ ಜಗೀಬೇಡಿ ಮತ್ತೆ” ಎಂದಳು. ಇಬ್ಬರೂ ಆಟೋದಲ್ಲಿ ಹೋದೆವು. ಅಲ್ಲಿ ನನಗೆ ಸ್ಟೇಜಿನ ಮೇಲೆ ಕುರ್ಚಿ. ನೀವು ನಂಬಬೇಕು, ಕುರ್ಚಿಗೆ ಬಿಳೀ ಬಟ್ಟೆ ಹೊದಿಸಿದ್ದರು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಆಗಿನ ಮೇಷ್ಟ್ರು ಒಂದು ದಿನವೂ ನನ್ನನ್ನು ಬೆಂಚಿನ ಮೇಲೆ ಕೂರಿಸಿರಲಿಲ್ಲ, ನಿಲ್ಲಿಸಿದ್ದೇ ಹೆಚ್ಚು. ಮುತ್ತಮ್ಮ ಟೀಚರು ನನ್ನ ಕೈ ಹಿಡಿದು, “ಎಂಥ ಅಜ್ಜೀ ನೀವು! ಮನೆಗೊಬ್ಬರು ನಿಮ್ಮಂಥವರು ಇದ್ರೆ ಸಾಕು” ಎಂದು ಶಾಲು ಹೊದಿಸಿದರು. ನಾನು ಸಂಚಿಯಿಂದ ಫ್ಯೂಸ್ ತೆಗೆದು ಎತ್ತಿ ತೋರಿಸಿದೆ. ಅದಕ್ಕೆ ಅಂಟಿದ್ದ ಅಡಿಕೆ ಚೂರು ಉದುರಿತು. ಮಕ್ಕಳೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು.

ಆಮೇಲೆ ಇಂಚರ ಮೈಕಿನ ಮುಂದೆ ಬಂದಳು. ಎರಡು ಜಡೆ, ಬಿಳೀ ಟೇಪು. ನನ್ನ ಕಣ್ಣಲ್ಲಿ ಆಗಲೇ ನೀರು. ಸಿಡಿಲು ಬಂತು, ಫ್ಯೂಸ್ ಬಂತು, ನನ್ನ ತಮ್ಮನ ಸೋಪು ಬಂತು, ಸೂರ್ಯ ಬಿಟ್ಟಿ ಉರಿಯುವ ಮಾತೂ ಬಂತು. ಜನ ನಕ್ಕರು, ನಾನೂ ನಕ್ಕೆ. ಆಮೇಲೆ ಅವಳು ಒಂದು ಹೆಜ್ಜೆ ಮುಂದೆ ಬಂದು ಹೇಳಿದ್ದು ಇದು. ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಹೇಳುತ್ತೇನೆ.

“ನಮ್ಮಮ್ಮ ಮದುವೆಯಾಗಿ ಬಂದಾಗ ಅವರ ಬಿ.ಎ.ಯಲ್ಲಿ ಎರಡು ವಿಷಯ ಬಾಕಿ ಇತ್ತು. ಹಗಲು ಕೆಲಸ, ರಾತ್ರಿ ಅಜ್ಜಿ ಫ್ಯೂಸ್ ತೆಗೆಯುತ್ತಿದ್ದರು. ಅಮ್ಮ ಮೇಣದಬತ್ತಿ ಹಚ್ಚಿಕೊಂಡು ಓದುತ್ತಿದ್ದರು. ಮೇಣದಬತ್ತಿ ಮುಗಿದರೆ ಅಪ್ಪನ ಮೊಬೈಲಿನ ಟಾರ್ಚನ್ನು ಲೋಟಕ್ಕೆ ಒರಗಿಸಿ ಓದುತ್ತಿದ್ದರು. ಎರಡು ಸಲ ಪರೀಕ್ಷೆ ಬರೆದರು, ಎರಡು ಸಲವೂ ಫೇಲಾದರು. ಆಮೇಲೆ ನಾನು ಹುಟ್ಟಿದೆ. ಭೂಮಿಗಾಗಿ ನಮ್ಮ ಮನೆಯಲ್ಲಿ ಅಜ್ಜಿ ಕರೆಂಟು ಬಿಟ್ಟರು, ಅಮ್ಮ ಡಿಗ್ರಿ ಬಿಟ್ಟರು. ನೀವು ಒಂದು ಗಂಟೆ ಲೈಟು ಬಿಡಲಾರಿರಾ?”

ಎಂಥ ಚಪ್ಪಾಳೆ ಎನ್ನುತ್ತೀರಿ! ಎದ್ದು ನಿಂತು ತಟ್ಟಿದರು. ಅಭ್ಯಾಸದ ಮೇಲೆ ನಾನೂ ಎರಡು ಸಲ ತಟ್ಟಿದೆ. ಮೂರನೇ ಸಲ ಕೈ ಎತ್ತಿದ್ದು ಹಾಗೇ ನಿಂತಿತು. ಎದುರು ಎರಡನೇ ಸಾಲಿನಲ್ಲಿ ಶೋಭಾ ಕೂತಿದ್ದಳು. ಎಲ್ಲರಿಗಿಂತ ಜೋರಾಗಿ ಅವಳೇ ತಟ್ಟುತ್ತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದಳು. ನನ್ನ ತೊಡೆಯ ಮೇಲಿದ್ದ ಆ ಪಿಂಗಾಣಿಯ ತುಂಡು, ದೇವರಾಣೆಗೂ, ಒಂದು ಮಣ ಭಾರವಾಯಿತು. ಫಸ್ಟ್ ಪ್ರೈಜ್ ಎಂದು ಕೂಗಿದಾಗ ಸಂತೋಷದಲ್ಲಿ ಎದೆ ಒಡೆದುಹೋಗುವ ಹಾಗಾಯಿತು, ಅದು ಸುಳ್ಳಲ್ಲ. ಆದರೆ ಒಂದು ಮೂಲೆಯಲ್ಲಿ ಏನೋ ಚುಚ್ಚುತ್ತಲೇ ಇತ್ತು.

ಇಂಚರ ಗೆಳತಿಯರ ಜೊತೆ ಸ್ಕೂಲ್ ಬಸ್ಸಿನಲ್ಲಿ ಬರುತ್ತೇನೆ ಎಂದಳು. ವಾಪಸು ಆಟೋದಲ್ಲಿ ನಾನು, ಸೊಸೆ ಇಬ್ಬರೇ. ಮಧ್ಯದಲ್ಲಿ ನೇರಳೆ ಗಿಡ. ಹಾರಂಗಿ ನಾಲೆಯ ಸೇತುವೆ ದಾಟುವವರೆಗೆ ನಾನು ಬಾಯಿ ಬಿಡಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ದೂರ.

“ಶೋಭಾ, ಆ ಮೇಣದಬತ್ತಿ ವಿಷಯ… ನಿಜವಾ?”

“ಬಿಡಿ ಅತ್ತೆ, ಹಳೇ ಕತೆ. ಅವಳು ಭಾಷಣಕ್ಕೆ ಅಂತ ಸ್ವಲ್ಪ ಉಪ್ಪು ಖಾರ ಹಾಕಿದಾಳೆ.”

“ಎಷ್ಟು ಹಾಕಿದಾಳೆ?”

ಅವಳು ಗಿಡದ ಎಲೆ ಸರಿ ಮಾಡಿದಳು. “ಜಾಸ್ತಿ ಏನಿಲ್ಲ” ಎಂದಳು.

“ನನಗ್ಯಾಕೆ ಒಂದು ಮಾತು ಹೇಳ್ಲಿಲ್ಲ ನೀನು? ನಾನೇನು ಹುಲಿನಾ ಚಿರತೆನಾ?”

“ಹೇಳಿದ್ದೆ ಅತ್ತೆ. ಒಂದ್ಸಲ. ಬಂದು ತಿಂಗಳಾಗಿತ್ತು. ಕೊಟ್ಟಿಗೇಲಿ ನೀವು ಹಾಲು ಕರೀತಿದ್ರಿ. ರಾತ್ರಿ ಸ್ವಲ್ಪ ಹೊತ್ತು ಫ್ಯೂಸ್ ಬಿಡ್ತೀರಾ, ಓದ್ಕೋಬೇಕು ಅಂದೆ. ನೀವಂದ್ರಿ, ಹಗಲೆಲ್ಲ ಸೂರ್ಯ ಬಿಟ್ಟಿ ಉರೀತಾನಲ್ಲ, ಆಗ ಓದ್ಕೋ ಅಂತ. ಅಂದ್ಬಿಟ್ಟು ನೀವೇ ಜೋರಾಗಿ ನಕ್ರಿ. ನಾನೂ ನಕ್ಕೆ.”

ಆಟೋ ಗುಂಡಿಗೆ ಇಳಿದು ಎದ್ದಿತು. ನನ್ನ ಮಾತು ಹುಟ್ಟಿದ್ದು ಎಲ್ಲಿ ಎಂದು ಇಷ್ಟು ವರ್ಷದ ಮೇಲೆ ಗೊತ್ತಾಯಿತು. ಬಸ್ಸಿನಲ್ಲಿ ಸಂತೆಯಲ್ಲಿ ಜನರನ್ನು ನಗಿಸಿಕೊಂಡು ತಿರುಗಿದ್ದು ಇದೇ ಮಾತಿನಿಂದ. ಹಗಲು ಓದಿಕೋ ಎಂದವಳು ಅವಳಿಗೆ ಹಗಲನ್ನಾದರೂ ಕೊಟ್ಟಿದ್ದೆನೇ? ನಸುಕಿಗೆ ಕೊಟ್ಟಿಗೆ, ಆಮೇಲೆ ರೊಟ್ಟಿ, ಆಮೇಲೆ ಶುಂಠಿ ಹೊಲದ ಕಳೆ, ಜೋಳದ ಕಾಳು ಬಿಡಿಸುವುದು, ಮತ್ತೆ ಕೊಟ್ಟಿಗೆ. ಸೂರ್ಯ ಬಿಟ್ಟಿ ಉರಿದ, ನಿಜ. ಆ ಬೆಳಕೆಲ್ಲ ನಮ್ಮ ಮನೆಯ ಕೆಲಸಕ್ಕೆ ಹೋಯಿತು.

ಇನ್ನೂ ಒಂದು ನೆನಪಾಯಿತು, ಅದನ್ನು ಹೇಳಲು ನಾಚಿಕೆ. ಹೆಣ್ಣು ನೋಡಲು ಸೋಮವಾರಪೇಟೆ ಕಡೆಯ ಅವರ ಮನೆಗೆ ಹೋಗಿದ್ದಾಗ ಅವಳ ಅಪ್ಪ ಕೈ ಮುಗಿದು, “ಎರಡು ವಿಷಯ ಉಳ್ಕೊಂಡಿದೆ, ಮುಗಿಸಕ್ಕೆ ಬಿಡ್ಬೇಕು. ಟೀಚರ್ ಆಗೋ ಆಸೆ ಇವಳಿಗೆ” ಎಂದಿದ್ದರು. ಯಾರೂ ಬಾಯಿ ತೆಗೆಯುವ ಮುಂಚೆ ನಾನೇ ಹೇಳಿದ್ದೆ. “ಅದಕ್ಕೇನು ಯೋಚ್ನೆ ಮಾಡ್ಬೇಡಿ, ನಮ್ಮನೇಲಿ ಮೂರು ಟ್ಯೂಬ್‌ಲೈಟಿದೆ!” ಆ ಮೂರು ಟ್ಯೂಬ್‌ಲೈಟಿನ ಜೀವವನ್ನೂ ಸಂಚಿಯಲ್ಲಿ ಕಟ್ಟಿಕೊಂಡು ನಾನು ಗೊರಕೆ ಹೊಡೆಯುತ್ತಿದ್ದೆ. ನಮ್ಮ ಮನೆಯಲ್ಲಿ ಮಗ ಸೊಸೆಯ ಕೋಣೆಯ ಗೋಡೆಯಲ್ಲಿ ಮೊಳದೆತ್ತರಕ್ಕೆ ಒಂದು ಮಸಿಯ ಕಲೆ ಇತ್ತು. ಪ್ರತಿ ದೀಪಾವಳಿಗೆ ಸುಣ್ಣ ಬಳಿಯುವಾಗ ಗೊಣಗುತ್ತಾ ಅದರ ಮೇಲೆ ಎರಡು ಕೈ ಹೆಚ್ಚಿಗೆ ಬಳಿಯುತ್ತಿದ್ದೆ. ಏನಿದು ಎಂದು ಒಂದು ಸಲವೂ ಕೇಳಲಿಲ್ಲ.

“ಈಗ ಬರೀಬಹುದಲ್ವಾ ಆ ಎರಡು ವಿಷಯ?” ಎಂದೆ.

“ಈಗ ಎರಡು ಬರೆದ್ರೆ ಆಗಲ್ಲ ಅತ್ತೆ. ಪುಸ್ತಕಗಳೇ ಬದಲಾಗಿವೆ, ಮೊದಲ್ನಿಂದ ಶುರು ಮಾಡ್ಬೇಕು” ಎಂದು ನಕ್ಕಳು. ಆಮೇಲೆ, “ಇಳೀರಿ, ಮನೆ ಬಂತು. ಸೀರೆ ನೋಡ್ಕೊಳ್ಳಿ” ಎಂದಳು.

ಮನೆಗೆ ಬಂದವಳು ಮಗನನ್ನು ಹಿಡಿದೆ. ಲೋಕೇಶ ಜಗಲಿಯಲ್ಲಿ ಔಷಧಿ ಹೊಡೆಯುವ ಪಂಪು ಬಿಚ್ಚಿಕೊಂಡು ಕೂತಿದ್ದ. “ನಿಂಗೆ ಗೊತ್ತಿತ್ತೇನೋ?” ಎಂದೆ. “ಮೊಬೈಲು ನಂದೇ ಅಲ್ವಾ ಅವ್ವ, ಗೊತ್ತಿಲ್ದೆ ಇರುತ್ತಾ?” ಎಂದ. “ಮತ್ತೆ ಬಾಯಿ ಬಿಡಕ್ಕೆ ಏನಾಗಿತ್ತು?” “ನಿಂಗ್ಯಾರು ಹೇಳೋದು? ಅಪ್ಪನೇ ಹೇಳ್ತಿರ್ಲಿಲ್ಲ.” ಒಳಗಿನಿಂದ ನಮ್ಮ ಮನೆಯವರು, “ನನ್ನ ಯಾಕ್ ಎಳೀತೀಯೋ ನಡುವೆ!” ಎಂದು ಕೂಗಿದರು. ನನಗೆ ಹೆದರುವವರು ಇಷ್ಟು ಜನ ಇದ್ದಾರೆ ಎಂದು ಮುಂಚೆಯೇ ಗೊತ್ತಿದ್ದರೆ ಹೆಮ್ಮೆ ಪಡುತ್ತಿದ್ದೆನೋ ಏನೋ. ಇವತ್ತು ಹೊರಗೆ ಹೊರಟುಬಿಟ್ಟೆ. ಮೊದಲು ಹೇಳಿದೆನಲ್ಲ, ಪಕ್ಕದ ಮನೆ, ಎದುರು ಮನೆ, ಡೈರಿ, ಬಸ್ ಸ್ಟಾಪು, ಎಲ್ಲಾ ಆಗ ಹೋಗಿದ್ದೇ. ಮೊಮ್ಮಗಳ ಪ್ರೈಜಿನ ಸುದ್ದಿ ಎಲ್ಲರಿಗೂ ಹೇಳಿದೆ. ಭಾಷಣದಲ್ಲಿ ಏನಿತ್ತು ಎಂದು ಕೇಳಿದವರಿಗೆ ಮಾತ್ರ, “ಭೂಮಿ ವಿಷಯ” ಎಂದಷ್ಟೇ ಹೇಳಿದೆ.

ಸಂಜೆ ಶೋಭಾ ಎಂದಿನಂತೆ ಜಗಲಿಯಲ್ಲಿ ಕೇರಿಯ ಏಳೆಂಟು ಮಕ್ಕಳಿಗೆ ಪಾಠ ಹೇಳಿಕೊಟ್ಟಳು. ದಿನಾ ಹೇಳಿಕೊಡುತ್ತಾಳೆ, ದಿನಾ ನಾನು ಅದರ ಮಧ್ಯೆಯೇ ಓಡಾಡುತ್ತೇನೆ. ಇವತ್ತು ಕಂಬಕ್ಕೆ ಒರಗಿ ಕೂತು ನೋಡಿದೆ. ಮುತ್ತಮ್ಮ ಟೀಚರಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ಇಲ್ಲ. ಇನ್ನೂ ಬೆಳಕಿರುವಾಗಲೇ ಎದ್ದು ಜಗಲಿಯ ಲೈಟು ಹಾಕಿದೆ. ಅವಳು ತಲೆಯೆತ್ತಿ, “ಇನ್ನೂ ಬೆಳಕಿದೆಯಲ್ಲ ಅತ್ತೆ” ಎಂದಳು. “ಇರ್ಲಿ ಬಿಡು” ಎಂದೆ. ಎಷ್ಟೋ ವರ್ಷ ತಡವಾಗಿ ಹಾಕಿದ ಲೈಟು, ಹಗಲಲ್ಲಿ ಉರಿದರೆ ಯಾರಿಗೆ ಕಾಣುತ್ತದೆ?

ಎಂಟೂವರೆಗೆ ಲೈಟು ಆರಿಸಬೇಕು. ಇಂಚರ ಕೇರಿಯ ಮನೆಮನೆಗೂ ಹೋಗಿ ಹೇಳಿ ಬಂದಿದ್ದಳು. ಊಟಕ್ಕೆ ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಪ್ರೈಜಿನ ಲೆಕ್ಕಕ್ಕೆ ಶಾವಿಗೆ ಪಾಯಸ. ನೆಲದ ಮೇಲೆ ಸಾಲಾಗಿ ಐದು ತಟ್ಟೆ. ಎಂಟೂವರೆಗೆ ಒಂದು ನಿಮಿಷ ಇದೆ ಎನ್ನುವಾಗ ಹುಡುಗಿ ನನ್ನ ಕೈ ಹಿಡಿದು ಪೆಟ್ಟಿಗೆಯ ಹತ್ತಿರ ಎಳೆದುಕೊಂಡು ಹೋಗಿ, “ಅಜ್ಜಿ, ಮೇನ್ ನೀವೇ ಆಫ್ ಮಾಡ್ಬೇಕು. ನೀವೇ ಚೀಫ್ ಗೆಸ್ಟು” ಎಂದಳು. ಫ್ರಿಜ್ಜಿಗೆ ಒಂದು ಗಂಟೆಯಲ್ಲಿ ಏನೂ ಆಗುವುದಿಲ್ಲವಂತೆ. ನಾನು ಬೆರಳು ಇಟ್ಟೆ. ಎಷ್ಟು ಸಾವಿರ ಸಲ ಮಾಡಿದ ಕೆಲಸವೋ, ಆದರೂ ಬೆರಳು ಒತ್ತಲಿಲ್ಲ. ಶೋಭಾ ಅಡುಗೆಮನೆಯ ಬಾಗಿಲಲ್ಲಿ ಕೂತು ಯಾವುದೋ ಮಗುವಿನ ಕಾಪಿ ಪುಸ್ತಕ ತಿದ್ದುತ್ತಿದ್ದಳು.

“ಶೋಭಾ,” ಎಂದೆ, “ಆರಿಸ್ಲಾ?”

ಮನೆಯವರೆಲ್ಲ ತಿರುಗಿ ನನ್ನನ್ನೇ ನೋಡಿದರು. ನನ್ನ ಬಾಯಿಂದ ಆ ಪ್ರಶ್ನೆ ಬಂದದ್ದು ಅದೇ ಮೊದಲು. ಶೋಭಾ ಪುಸ್ತಕದಿಂದ ತಲೆ ಎತ್ತಲಿಲ್ಲ. “ಒಂದ್ನಿಮಿಷ ಅತ್ತೆ” ಎಂದಳು. ಇಂಚರ ಗಡಿಯಾರ ನೋಡಿ, “ಅಮ್ಮಾ, ಎಂಟೂವರೆ ಆಯ್ತು, ಪ್ರಪಂಚದವರೆಲ್ಲ ಆರಿಸಿರ್ತಾರೆ!” ಎಂದು ಕುಣಿದಳು. “ಪ್ರಪಂಚ ಕಾಯ್ಲಿ ಕಣೆ” ಎಂದೆ ನಾನು. ಶೋಭಾ ಪುಟ ತಿರುಗಿಸಿದಳು. ಓದಿದಳು. ಕೆಂಪು ಪೆನ್ನಿನಲ್ಲಿ ಏನೋ ಬರೆದಳು. ಇನ್ನೊಂದು ಪುಟ. ಒಂದು ನಿಮಿಷವಲ್ಲ, ನಾಲ್ಕು ನಿಮಿಷವಾದರೂ ಆಗಿರಬೇಕು. ನಾನು ಕೈಯೆತ್ತಿಕೊಂಡು ಹಾಗೇ ನಿಂತಿದ್ದೆ, ತೋಳು ನೋಯುತ್ತಿತ್ತು. ಕೊನೆಗೆ ಅವಳು ಪೆನ್ನಿನ ಮುಚ್ಚಳ ಹಾಕಿ, ಪುಸ್ತಕ ಮಡಚಿ, “ಹ್ಞೂಂ ಅತ್ತೆ, ಈಗ ಆರಿಸಿ” ಎಂದಳು.

ಆರಿಸಿದೆ. ಕೇರಿಯೆಲ್ಲ ಆಗಲೇ ಕತ್ತಲೆಯಾಗಿತ್ತು. ಆಚೆ ಗುಡ್ಡದ ಮೇಲಿನ ರೆಸಾರ್ಟು ಮಾತ್ರ ಮದುವೆ ಮನೆಯ ಹಾಗೆ ಝಗಮಗ ಉರಿಯುತ್ತಿತ್ತು. “ಅವ್ರಿಗೆ ಭೂಮಿ ಬೇಡ್ವಾ?” ಎಂದರು ನಮ್ಮ ಮನೆಯವರು. “ಮುಂದಿನ ವರ್ಷ ಅಲ್ಲಿಗೆ ಅಜ್ಜೀನ ಕಳಿಸೋಣ” ಎಂದ ಲೋಕೇಶ. ಎಲ್ಲರೂ ನಕ್ಕರು. ಮೇಣದಬತ್ತಿ ಹಚ್ಚೋಣವೇ ಎಂದು ಯಾರೋ ಕೇಳಿದರು. ನಾನು ಬೇಡ ಎಂದೆ, ಯಾಕೆ ಎಂದು ಯಾರೂ ಕೇಳಲಿಲ್ಲ. ತಡಕಾಡುತ್ತಾ ಹೋಗಿ ಕೂತೆವು. ಲೋಕೇಶ ನೀರಿನ ಲೋಟ ಉರುಳಿಸಿದ. ಇಂಚರ ತಾತನ ಕಾಲು ತುಳಿದಳು. ಆದರೆ ಬಡಿಸುತ್ತಿದ್ದ ಶೋಭಾಳ ಬಳೆಯ ಸದ್ದು ಮಾತ್ರ ಒಂದು ಸಲವೂ ತಡವರಿಸಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ತಟ್ಟೆಗೆ, ಮುದ್ದೆ ನಡುವಿಗೆ, ಸಾರು ಮುದ್ದೆಯ ಪಕ್ಕಕ್ಕೆ. ಒಂದು ತೊಟ್ಟೂ ಕೆಳಗೆ ಬೀಳಲಿಲ್ಲ.

“ಅದು ಹೇಗಮ್ಮ, ನಿಂಗೆ ಕಣ್ಣು ಕಾಣುತ್ತಾ?” ಎಂದಳು ಇಂಚರ.

“ಈ ಮನೆ ಕತ್ತಲೆ ನಂಗೆ ಚೆನ್ನಾಗಿ ಗೊತ್ತು ಕಣೆ” ಎಂದಳು ಶೋಭಾ. ಕೊಂಕಿಲ್ಲದೆ, ಉಪ್ಪು ಎಲ್ಲಿದೆ ಎಂದು ಹೇಳುವ ಹಾಗೆ ಹೇಳಿದಳು.

ನಾನು ಉಣ್ಣುತ್ತಾ ಹೋದೆ. ಈ ಕತ್ತಲೆಯನ್ನು ವರ್ಷಾನುಗಟ್ಟಲೆ ಮಾಡಿದವಳು ನಾನು, ಆದರೆ ಮಾಡಿದ ಕೂಡಲೇ ಮಲಗಿಬಿಡುತ್ತಿದ್ದೆ. ಅದರೊಳಗೆ ಎದ್ದು ಕೂತಿದ್ದು ಇವತ್ತೇ ಮೊದಲು. ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣಲಿಲ್ಲ, ಅಷ್ಟು ಉಪಕಾರವಾಯಿತು. ಪಕ್ಕದಲ್ಲಿ ನಮ್ಮ ಮನೆಯವರು, “ಇವತ್ಯಾಕೋ ನಂಗೆ ಮುದ್ದೆ ಚಿಕ್ಕದು ಹಾಕಿದೀರ, ಸಾರೂ ಬೇಗ ಮುಗೀತು” ಎಂದು ಗೊಣಗುತ್ತಲೇ ಇದ್ದರು. ಪಾಯಸ ಮುಗಿಸಿ, ಪ್ರೈಜಿನ ಕಪ್ಪನ್ನು ಕೈಯಿಂದ ಕೈಗೆ ದಾಟಿಸಿ ತಡವಿ ನೋಡಿ, ಒಂಬತ್ತೂವರೆಯವರೆಗೂ ಎಲ್ಲರೂ ಎಂಜಲು ಕೈಯಲ್ಲೇ ಕೂತೆವು. ಆಮೇಲೆ ಇಂಚರ ಓಡಿಹೋಗಿ ಲೈಟು ಹಾಕಿದಳು. ನೋಡಿದರೆ, ನನ್ನ ತಟ್ಟೆಯಲ್ಲಿ ಶೋಭಾ ಬಡಿಸಿದ ಮುದ್ದೆ, ಸಾರು, ಪಾಯಸ ಎಲ್ಲ ಇಟ್ಟಲ್ಲೇ ಅಚ್ಚುಕಟ್ಟಾಗಿದ್ದವು. ನಾನು ಅಷ್ಟು ಹೊತ್ತೂ ಉಂಡದ್ದು ನಮ್ಮ ಮನೆಯವರ ತಟ್ಟೆಯಿಂದ.